ಇಟ್ಟಿಗೆಗಿಂತ ಮೊದಲು ಲೆಕ್ಕ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ನಮ್ಮ ಹಿರಿಯರು ಎರಡೇ ಪರೀಕ್ಷೆಗಳನ್ನು ಹೇಳಿ ಸುಮ್ಮನಾದರು. ಅವರ ಕಾಲಕ್ಕೆ ಮೂರನೆಯ ಪರೀಕ್ಷೆ ಇನ್ನೂ ಹುಟ್ಟಿರಲಿಲ್ಲವೆಂದು ತೋರುತ್ತದೆ. ಇಂದು ಮನೆ ಕಟ್ಟಬೇಕೆನ್ನುವ ಗೃಹಸ್ಥನು ಮೊದಲು ಬ್ಯಾಂಕಿನ ಮೇಜಿನ ಮುಂದೆ ಕುಳಿತು ಸಾಲ ಕೇಳಿ ನೋಡಬೇಕು. ಮನೆ ಕಟ್ಟುವಾಗ ಮೇಸ್ತ್ರಿಯ ನೆರವುಂಟು. ಮದುವೆ ಮಾಡುವಾಗ ನೆಂಟರಿಷ್ಟರು ಹೆಗಲು ಕೊಡುತ್ತಾರೆ. ಸಾಲದ ಪರೀಕ್ಷೆಯಲ್ಲಿ ಮಾತ್ರ ನಮ್ಮ ಉತ್ತರವನ್ನು ನಾವೇ ಬರೆಯಬೇಕು. ಅದನ್ನು ಅರ್ಜಿ ಹಾಕುವ ದಿನ ಬರೆಯಲು ಆಗುವುದಿಲ್ಲ. ಬ್ಯಾಂಕು ನೋಡುವುದು ನಾವು ಕಟ್ಟಲಿರುವ ಮನೆಯ ಅಂದವನ್ನಲ್ಲ, ಕಳೆದ ಎರಡು ಮೂರು ವರ್ಷಗಳಲ್ಲಿ ಹಣದೊಡನೆ ನಾವು ನಡೆದುಕೊಂಡ ರೀತಿಯನ್ನು. ಆದುದರಿಂದ ಅಸ್ತಿಭಾರ ತೋಡುವುದಕ್ಕೆ ಎರಡು ವರ್ಷ ಮೊದಲೇ ಇನ್ನೊಂದು ಅಸ್ತಿಭಾರವನ್ನು ತೋಡಬೇಕಾಗುತ್ತದೆ. ಅದು ಲೆಕ್ಕದ ಅಸ್ತಿಭಾರ.

ಜಗಳೂರಿನಂಥ ಊರಿನಲ್ಲಿ ಈ ಮಾತನ್ನು ಒತ್ತಿ ಹೇಳಬೇಕಾದುದಕ್ಕೆ ಕಾರಣವಿದೆ. ಇದು ಮಳೆಯನ್ನು ನಂಬಿ ಮೆಕ್ಕೆಜೋಳ, ಶೇಂಗಾ ಬಿತ್ತುವ ಬಯಲುಸೀಮೆಯ ತಾಲ್ಲೂಕು. ಇಲ್ಲಿ ಒಬ್ಬರ ಯೋಗ್ಯತೆ ಇನ್ನೊಬ್ಬರಿಗೆ ಬಾಯಿಪಾಠ. ಇಂಥವರ ಮನೆಯ ಹುಡುಗನೆಂದರೆ ಸಾಕು, ಕಿರಾಣಿ ಅಂಗಡಿಯವರು ಸುಗ್ಗಿಯವರೆಗೆ ಉದ್ರಿ ಬರೆದುಕೊಳ್ಳುತ್ತಾರೆ. ಕೈಗಡ ಕೊಟ್ಟವರು ಕಾಗದ ಕೇಳುವುದಿಲ್ಲ, ಪಡೆದವರು ಮಾತು ತಪ್ಪುವುದಿಲ್ಲ. ಇದು ಊರಿನ ದೊಡ್ಡ ಸಂಪತ್ತು. ಆದರೆ ಈ ಸಂಪತ್ತು ಬ್ಯಾಂಕಿನ ಹೊಸ್ತಿಲಲ್ಲೇ ನಿಂತುಬಿಡುತ್ತದೆ. ಹೋದ ವರ್ಷ ಬೇರೆ ರಾಜ್ಯದಿಂದ ವರ್ಗವಾಗಿ ಬಂದ ಅಧಿಕಾರಿಗೆ ನಮ್ಮ ಮನೆತನವೂ ಗೊತ್ತಿಲ್ಲ, ಕಿರಾಣಿ ಅಂಗಡಿಯ ಪುಸ್ತಕವೂ ಗೊತ್ತಿಲ್ಲ. ಆತ ಓದುವುದು ಕಾಗದವನ್ನು. ಊರಿಗೆಲ್ಲ ಪ್ರಾಮಾಣಿಕನೆನಿಸಿದವನು ಕಾಗದದಲ್ಲಿ ಅಪರಿಚಿತನಾಗಿ ನಿಲ್ಲುತ್ತಾನೆ.

ಅಲ್ಲಿಂದ ಬರಿಗೈಯಲ್ಲಿ ಹಿಂದಿರುಗಿದವನು ಎಲ್ಲಿಗೆ ಹೋಗುತ್ತಾನೆಂಬುದು ನಮಗೆಲ್ಲ ತಿಳಿದದ್ದೆ. 'ಮೂರು ರೂಪಾಯಿ ಬಡ್ಡಿ' ಎಂಬ ಮಾತು ಕೇಳಲು ಹಗುರ. ನೂರಕ್ಕೆ ತಿಂಗಳಿಗೆ ಮೂರು ಎಂದರೆ ವರ್ಷಕ್ಕೆ ಶೇಕಡ ೩೬. ಹತ್ತು ಲಕ್ಷಕ್ಕೆ ತಿಂಗಳಿಗೆ ೩೦,೦೦೦ ರೂಪಾಯಿ ಬಡ್ಡಿ ಕಟ್ಟಿದರೂ ಅಸಲು ಕದಲುವುದಿಲ್ಲ. ಅದೇ ಹತ್ತು ಲಕ್ಷವನ್ನು ಬ್ಯಾಂಕಿನಿಂದ ವರ್ಷಕ್ಕೆ ಶೇಕಡ ೯ರ ಬಡ್ಡಿಯಲ್ಲಿ ೨೦ ವರ್ಷಕ್ಕೆ ಪಡೆದರೆ ತಿಂಗಳ ಕಂತು ೮,೯೯೭ ರೂಪಾಯಿ. ಅಸಲೂ ಅದರೊಳಗೇ ತೀರುತ್ತದೆ. ಕಾಗದವಿದ್ದವನಿಗೂ ಇಲ್ಲದವನಿಗೂ ನಡುವೆ ಇರುವ ಅಂತರ ಇಷ್ಟು. ಒಂದು ಸಂಸಾರ ನಿಲ್ಲುವುದಕ್ಕೂ ಮುಳುಗುವುದಕ್ಕೂ ಈ ಅಂತರ ಸಾಕು.

ಮನೆಗಾಗಿ ಸಾಲವೆಂಬುದು ನಮ್ಮ ನಾಡಿಗೆ ಹೊಸದೇನಲ್ಲ. ಸಹಕಾರ ತತ್ತ್ವದ ಮೇಲೆ ಗೃಹನಿರ್ಮಾಣ ಸಂಘವು ಬೆಂಗಳೂರಿನಲ್ಲಿ ೧೯೦೯ರಷ್ಟು ಹಿಂದೆಯೇ ತಲೆಯೆತ್ತಿತು. ಆದರೆ ಬಹುಕಾಲ ಅದು ಪಟ್ಟಣದ ನೌಕರವರ್ಗದ ಮಾತಾಗಿತ್ತು. ಮನೆಸಾಲವನ್ನೇ ಕಸುಬಾಗಿ ಮಾಡಿಕೊಂಡ ಎಚ್.ಡಿ.ಎಫ್.ಸಿ. ಮುಂಬಯಿಯಲ್ಲಿ ಹುಟ್ಟಿದ್ದು ೧೯೭೭ರಲ್ಲಿ. ಕೆನರಾ ಬ್ಯಾಂಕಿನ ಆಶ್ರಯದಲ್ಲಿ ಕ್ಯಾನ್ ಫಿನ್ ಹೋಮ್ಸ್ ಬೆಂಗಳೂರಿನಲ್ಲಿ ೧೯೮೭ರಲ್ಲಿ. ರಾಷ್ಟ್ರೀಯ ವಸತಿ ಬ್ಯಾಂಕು ೧೯೮೮ರಲ್ಲಿ. ಜಗಳೂರು ಚಿತ್ರದುರ್ಗ ಜಿಲ್ಲೆಯಿಂದ ಹೊಸ ದಾವಣಗೆರೆ ಜಿಲ್ಲೆಗೆ ಸೇರಿದ ೧೯೯೭ರ ಸುಮಾರಿಗೂ ನಮ್ಮ ಕಡೆ ಮನೆ ಕಟ್ಟುವವರು ಒಡವೆಯನ್ನೂ ನೆಂಟರನ್ನೂ ನೆನೆಯುತ್ತಿದ್ದರೇ ಹೊರತು ಬ್ಯಾಂಕನ್ನು ನೆನೆಯುವವರು ವಿರಳ. ಈಗ ಪಟ್ಟಣ ಪಂಚಾಯಿತಿಯ ಊರಿನವರೂ ಆ ಬಾಗಿಲನ್ನು ತಟ್ಟಬಹುದು. ತೆರೆಯುವಂತೆ ತಟ್ಟುವ ಬಗೆಯನ್ನು ಮಾತ್ರ ಕಲಿಯಬೇಕಾಗಿದೆ.

ಕನ್ನಡದ ಅಧ್ಯಾಪಕನಾದ ನನಗೆ 'ಸಾಲದು' ಎಂಬ ಮಾತಿನೊಳಗೆ 'ಸಾಲ' ಕುಳಿತಿರುವುದು ಯಾವಾಗಲೂ ತಮಾಷೆಯಾಗಿ ಕಾಣುತ್ತದೆ. ಕೈಯಲ್ಲಿರುವುದು ಸಾಲದೆಂದು ತಾನೆ ನಾವು ಸಾಲಕ್ಕೆ ಹೋಗುವುದು? ಆದರೆ ಬ್ಯಾಂಕಿನ ನ್ಯಾಯವೇ ಬೇರೆ. ಸಾಲುವಷ್ಟು ವರಮಾನವಿದೆಯೆಂದು ತೋರಿಸಿದವನಿಗೇ ಅಲ್ಲಿ ಸಾಲ.

ಮೊದಲನೆಯದಾಗಿ, ಈ ವರಮಾನವನ್ನು ತೋರಿಸುವ ಬಗೆ. ಸಂಬಳದವರಿಗೆ ಇದು ಸುಲಭ: ಸಂಬಳದ ಚೀಟಿ, ಫಾರಂ ೧೬, ಆರು ತಿಂಗಳ ಬ್ಯಾಂಕಿನ ಲೆಕ್ಕಪಟ್ಟಿ ಇದ್ದರೆ ಬಹುಮಟ್ಟಿಗೆ ಸಾಕು. ಅಂಗಡಿಯವರ ಪಾಡು ಬೇರೆ. ತೆರಿಗೆಯವರ ಮುಂದೆ ಬಡವರಾಗಿ ನಿಂತವರು ಬ್ಯಾಂಕಿನವರ ಮುಂದೆ ಒಮ್ಮೆಗೇ ಸಿರಿವಂತರಾಗಲು ಬರುವುದಿಲ್ಲ. ಎರಡು ಅಥವಾ ಮೂರು ವರ್ಷಗಳ ಆದಾಯ ತೆರಿಗೆಯ ವಿವರಪಟ್ಟಿಯನ್ನು ಬ್ಯಾಂಕು ಕೇಳುತ್ತದೆ. ಅದರಲ್ಲಿ ಎಷ್ಟು ವರಮಾನವಿದೆಯೋ ಅಷ್ಟೇ ಅದರ ಕಣ್ಣಿಗೆ ಕಾಣುವುದು. ಮುಂದಿನ ವರ್ಷ ಸಾಲ ಬೇಕೆನ್ನುವವರು ಈ ವರ್ಷದ ನಿಜವಾದ ಲಾಭವನ್ನು ನಿಜವಾಗಿ ತೋರಿಸಿ, ಬರುವ ತೆರಿಗೆಯನ್ನು ಕಟ್ಟಿಬಿಡುವುದೇ ಲೇಸು. ಆ ತೆರಿಗೆಯು ಕಡಮೆ ಬಡ್ಡಿಯ ರೂಪದಲ್ಲಿ ಹಿಂದಿರುಗುತ್ತದೆ.

ರೈತರ ಕಷ್ಟ ಇನ್ನೂ ಸೂಕ್ಷ್ಮ. ಬೇಸಾಯದ ವರಮಾನಕ್ಕೆ ಆದಾಯ ತೆರಿಗೆಯಿಲ್ಲ. ಅದು ಅನುಕೂಲವೇ ಸರಿ. ಆದರೆ ತೆರಿಗೆಯಿಲ್ಲದ ಕಡೆ ಕಾಗದವೂ ಇರುವುದಿಲ್ಲ. ಮೆಕ್ಕೆಜೋಳವನ್ನು ದಾವಣಗೆರೆಯ ಮಾರುಕಟ್ಟೆಗೆ ಸಾಗಿಸಿ, ನಗದನ್ನು ಎಣಿಸಿಕೊಂಡು ಬಂದು ಟ್ರಂಕಿನಲ್ಲಿಟ್ಟರೆ ಆ ಹಣಕ್ಕೆ ಹೆಸರಿಲ್ಲ. ದಲ್ಲಾಳಿಯ ಲೆಕ್ಕಚೀಟಿಯನ್ನು ಜೋಪಾನವಾಗಿ ಇಡಿ. ಹಣವನ್ನು ಖಾತೆಗೇ ಹಾಕಿಸಿಕೊಳ್ಳಿ. ಹಾಲಿನ ಡೇರಿಯ ಹಣ, ಟ್ರ್ಯಾಕ್ಟರಿನ ಬಾಡಿಗೆ, ಮನೆಯಾಕೆ ಹೊಲಿಗೆಯಿಂದ ಗಳಿಸುವ ಹಣ, ಎಲ್ಲವೂ ಬ್ಯಾಂಕಿನ ಮೂಲಕವೇ ಹಾದುಬರಲಿ. ಪಹಣಿ, ಚೀಟಿಗಳು, ಖಾತೆಯ ಲೆಕ್ಕಪಟ್ಟಿ ಈ ಮೂರೂ ಒಂದೇ ಕಥೆಯನ್ನು ಹೇಳಿದರೆ ಅಧಿಕಾರಿಗೆ ನಂಬಿಕೆ ಬರುತ್ತದೆ. ಗಂಡ ಹೆಂಡಿರು ಕೂಡಿ ಅರ್ಜಿ ಹಾಕಿದರೆ ಇಬ್ಬರ ವರಮಾನವೂ ಲೆಕ್ಕಕ್ಕೆ ಬರುವುದೆಂಬುದನ್ನು ಮರೆಯಬೇಡಿ. ಮನೆಯಾಕೆಯ ದುಡಿಮೆಗೆ ಕಾಗದದಲ್ಲಿ ಬೆಲೆ ಬರುವ ಸಂದರ್ಭಗಳು ನಮ್ಮಲ್ಲಿ ಹೆಚ್ಚಿಲ್ಲ, ಇದೊಂದು.

ಎರಡನೆಯದಾಗಿ, ಈಗಾಗಲೇ ಇರುವ ಸಾಲಗಳು. ಕೈಗೆ ಬರುವ ವರಮಾನದಲ್ಲಿ ಸುಮಾರು ಶೇಕಡ ೪೦ರಿಂದ ೫೦ರವರೆಗೆ ಮಾತ್ರ ಎಲ್ಲ ಕಂತುಗಳಿಗೂ ಹೋಗಬಹುದೆಂಬುದು ಸಾಲ ಕೊಡುವವರ ಸಾಮಾನ್ಯ ಅಳತೆ. ತಿಂಗಳಿಗೆ ೪೦,೦೦೦ ರೂಪಾಯಿ ಬರುವ ಸಂಸಾರವೊಂದನ್ನು ಕಲ್ಪಿಸಿಕೊಳ್ಳಿ. ಅರ್ಧವೆಂದರೆ ೨೦,೦೦೦. ಆ ಕಂತಿಗೆ, ಶೇಕಡ ೯ರ ಬಡ್ಡಿಯಲ್ಲಿ ೨೦ ವರ್ಷದ ಅವಧಿಗೆ, ಸುಮಾರು ೨೨ ಲಕ್ಷ ಸಾಲ ಸಿಗಬಹುದು. ಆದರೆ ಆ ಮನೆಯಲ್ಲಿ ಮೋಟಾರು ಸೈಕಲ್ಲಿನ ಕಂತು ೩,೫೦೦, ಮೊಬೈಲಿನ ಕಂತು ೧,೫೦೦, ಹಬ್ಬದಲ್ಲಿ ತೆಗೆದ ವೈಯಕ್ತಿಕ ಸಾಲದ ಕಂತು ೫,೦೦೦ ಇವೆಯೆನ್ನಿ. ಹತ್ತು ಸಾವಿರ ಅಲ್ಲಿಗೇ ಹೋಯಿತು. ಉಳಿದ ಹತ್ತು ಸಾವಿರಕ್ಕೆ ಸಿಗುವುದು ೧೧ ಲಕ್ಷ. ಒಂದು ಮೋಟಾರು ಸೈಕಲ್ಲು, ಒಂದು ಮೊಬೈಲು, ಒಂದು ಹಬ್ಬ ಸೇರಿ ಅರ್ಧ ಮನೆಯನ್ನು ನುಂಗಿಬಿಟ್ಟವು! ಆದಕಾರಣ ಅರ್ಜಿಗೆ ಮೊದಲು ಸಣ್ಣ ಸಾಲಗಳನ್ನು ಒಂದೊಂದಾಗಿ ತೀರಿಸಿ, ಬಾಕಿಯಿಲ್ಲವೆಂಬ ಪತ್ರವನ್ನು ಬರೆಯಿಸಿಕೊಳ್ಳಬೇಕು. ಹಳೆಯ ಬ್ಯಾಂಕು ಈಗ ಇಲ್ಲದಿದ್ದರೆ ಗಾಬರಿ ಬೇಡ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ೨೦೧೭ರಲ್ಲಿ ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿಯೂ, ಸಿಂಡಿಕೇಟ್ ಬ್ಯಾಂಕು ೨೦೨೦ರಲ್ಲಿ ಕೆನರಾ ಬ್ಯಾಂಕಿನಲ್ಲಿಯೂ ಲೀನವಾದವು. ರಾಜ್ಯದ ಗ್ರಾಮೀಣ ಬ್ಯಾಂಕುಗಳು ೨೦೨೫ರ ಮೇ ತಿಂಗಳಿನಿಂದ ಕರ್ನಾಟಕ ಗ್ರಾಮೀಣ ಬ್ಯಾಂಕ್ ಎಂಬ ಒಂದೇ ಹೆಸರಿನಲ್ಲಿವೆ. ಹಳೆಯ ಲೆಕ್ಕವನ್ನು ಹೊಸ ಬ್ಯಾಂಕಿನಲ್ಲಿಯೇ ಕೇಳಿ ಪಡೆಯಬೇಕು.

ಮೂರನೆಯದು ಈ ಕಾಲದ ಜಾತಕ. ಸಾಲ ತೀರಿಸಿದ ಚರಿತ್ರೆಯನ್ನು ಬರೆದಿಡುವ ನಾಲ್ಕು ಸಂಸ್ಥೆಗಳು ದೇಶದಲ್ಲಿವೆ. ೨೦೦೦ದಲ್ಲಿ ಹುಟ್ಟಿದ ಸಿಬಿಲ್ ಅವುಗಳಲ್ಲಿ ಹಿರಿಯದು. ಅವು ೩೦೦ರಿಂದ ೯೦೦ರವರೆಗೆ ಅಂಕ ಹಾಕುತ್ತವೆ. ೭೫೦ಕ್ಕೆ ಮೇಲಿದ್ದರೆ ಬ್ಯಾಂಕಿನವರ ಮುಖ ಅರಳುತ್ತದೆ. ಈ ಜಾತಕವನ್ನು ಬರೆಯುವವರು ನಾವೇ ಎಂಬುದೊಂದು ಸಮಾಧಾನ. ಕಂತನ್ನು ತಪ್ಪದೆ ಕಟ್ಟಿದರೆ ಅಂಕ ಏರುತ್ತದೆ, ತಡವಾದರೆ ಇಳಿಯುತ್ತದೆ. ಮೈಕ್ರೋಫೈನಾನ್ಸಿನ ಸಣ್ಣ ಸಾಲವೂ, ಚಿನ್ನದ ಮೇಲಿನ ಸಾಲವೂ ಅದರಲ್ಲಿ ದಾಖಲಾಗುತ್ತವೆ. 'ಅಷ್ಟು ಕೊಟ್ಟು ಕೈತೊಳೆದುಕೊಳ್ಳಿ' ಎಂದು ಬ್ಯಾಂಕಿನೊಡನೆ ಒಪ್ಪಂದವಾಗಿ ಕಡಮೆ ಹಣಕ್ಕೆ ಮುಗಿಸಿದ ಸಾಲವು ಪೂರ್ಣ ತೀರಿದ ಸಾಲವೆಂದು ದಾಖಲಾಗುವುದಿಲ್ಲ. ರಾಜಿಯಾದ ಸಾಲವೆಂದೇ ಉಳಿಯುತ್ತದೆ, ಮುಂದೆ ಅಡ್ಡಬರುತ್ತದೆ. ಒಂದೇ ತಿಂಗಳಲ್ಲಿ ಆರು ಬ್ಯಾಂಕುಗಳಿಗೆ ಅರ್ಜಿ ಹಾಕಿದರೆ ಆರು ವಿಚಾರಣೆಗಳೂ ಅಲ್ಲಿ ಕಾಣುತ್ತವೆ. ಇವರಿಗೆ ಹಣದ ಆತುರ ಹೆಚ್ಚೆಂಬ ಶಂಕೆ ಮೂಡುತ್ತದೆ.

ನಮ್ಮ ಕಡೆಯವರು ವಿಶೇಷವಾಗಿ ಎಚ್ಚರ ವಹಿಸಬೇಕಾದುದು ಜಾಮೀನಿನ ವಿಷಯದಲ್ಲಿ. ಷಡ್ಡಕನ ಲಾರಿಗೋ, ಗೆಳೆಯನ ಅಂಗಡಿಗೋ ದಾಕ್ಷಿಣ್ಯಕ್ಕೆ ಸಹಿ ಹಾಕಿ ಮರೆತುಬಿಡುವುದು ನಮ್ಮಲ್ಲಿ ಸಾಧಾರಣ. ೧೮೭೨ರ ಕರಾರು ಕಾಯಿದೆಯ ೧೨೮ನೆಯ ಪ್ರಕರಣದಂತೆ, ಬೇರೆ ಕರಾರಿಲ್ಲದ ಪಕ್ಷದಲ್ಲಿ, ಸಾಲಗಾರನಷ್ಟೇ ಹೊಣೆ ಜಾಮೀನುದಾರನಿಗೂ ಉಂಟು. ಲಾರಿಯ ಕಂತು ನಿಂತರೆ ಅವನ ಜಾತಕದಲ್ಲಿ ಮಾತ್ರವಲ್ಲ, ನಮ್ಮ ಜಾತಕದಲ್ಲೂ ಶನಿ ಕೂರುತ್ತಾನೆ. ಸಹಿಗೆ ಮೊದಲು 'ಈ ಸಾಲ ನನ್ನದೇ ಆಗಿದ್ದರೆ ತೀರಿಸಬಲ್ಲೆನೆ?' ಎಂದು ಕೇಳಿಕೊಳ್ಳಬೇಕು. ದಾಕ್ಷಿಣ್ಯಕ್ಕೆ ಬಸಿರಾದರೆ ಹೆರುವುದಕ್ಕೆ ಜಾಗವಿಲ್ಲ ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ.

ಈ ಜಾತಕವನ್ನು ತರಿಸಿ ನೋಡುವುದಕ್ಕೆ ಖರ್ಚಿಲ್ಲ. ರಿಜರ್ವ್ ಬ್ಯಾಂಕಿನ ಆಜ್ಞೆಯಂತೆ ನಾಲ್ಕೂ ಸಂಸ್ಥೆಗಳು ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕು. ತೀರಿಸಿದ ಸಾಲ ಬಾಕಿಯೆಂದೋ, ಯಾರದೋ ಸಾಲ ನಮ್ಮದೆಂದೋ ಬರೆದಿದ್ದರೆ ತಕರಾರು ಸಲ್ಲಿಸಬಹುದು. ಮೂವತ್ತು ದಿನಗಳೊಳಗೆ ಅದು ಇತ್ಯರ್ಥವಾಗದಿದ್ದರೆ ದಿನಕ್ಕೆ ೧೦೦ ರೂಪಾಯಿ ಪರಿಹಾರವುಂಟು. ಹಣ ಕೊಟ್ಟರೆ ಅಂಕ ಏರಿಸಿಕೊಡುತ್ತೇವೆನ್ನುವ ಮಧ್ಯವರ್ತಿಗಳನ್ನು ಮಾತ್ರ ನಂಬಬೇಡಿ. ಆ ಅಂಕ ಕ್ರಯಕ್ಕೆ ಸಿಗುವ ಸರಕಲ್ಲ.

ನಾಲ್ಕನೆಯದು ಕೈಹಣ. ಮನೆಯ ಬೆಲೆ ಪೂರ್ತಿಯನ್ನು ಯಾವ ಬ್ಯಾಂಕೂ ಕೊಡುವುದಿಲ್ಲ. ೩೦ ಲಕ್ಷದವರೆಗಿನ ಸಾಲಕ್ಕೆ ಬೆಲೆಯ ಶೇಕಡ ೯೦, ೭೫ ಲಕ್ಷದವರೆಗೆ ಶೇಕಡ ೮೦, ಅದರ ಮೇಲೆ ಶೇಕಡ ೭೫ ಎಂಬುದು ರಿಜರ್ವ್ ಬ್ಯಾಂಕು ಹಾಕಿದ ಎಲ್ಲೆ. ೨೦ ಲಕ್ಷದ ಮನೆಯನ್ನು ಕೊಳ್ಳುವವರು ೨ ಲಕ್ಷವನ್ನಾದರೂ ತಾವೇ ಹೊಂದಿಸಬೇಕು. ಇಷ್ಟೇ ಎಂದುಕೊಂಡು ಹೊರಟರೆ ಉಪನೋಂದಣಿ ಕಚೇರಿಯಲ್ಲಿ ಎಡವುತ್ತೇವೆ. ಮುದ್ರಾಂಕ ಶುಲ್ಕ ಶೇಕಡ ೫, ನೋಂದಣಿ ಶುಲ್ಕ ೨೦೨೫ರ ಆಗಸ್ಟ್ ೩೧ರಿಂದ ಶೇಕಡ ೨. ಅಲ್ಲಿಗೆ ೧ ಲಕ್ಷ ೪೦ ಸಾವಿರ. ಸೆಸ್ಸು, ಸರ್ಚಾರ್ಜು ಬೇರೆ. ಹತ್ತು ಲಕ್ಷಕ್ಕೆ ಮೀರಿದ ಮನೆಗೆ ಈ ಶುಲ್ಕಗಳನ್ನು ಬೆಲೆಯಲ್ಲಿ ಸೇರಿಸಿ ಸಾಲ ಕೊಡುವಂತಿಲ್ಲ. ಸ್ವಂತ ನಿವೇಶನದಲ್ಲಿ ಕಟ್ಟುವವರಿಗೆ ಈ ಖರ್ಚು ತಪ್ಪಿದರೂ ಇನ್ನೊಂದು ಉಂಟು: ಬ್ಯಾಂಕಿನ ಹಣ ಅಸ್ತಿಭಾರ, ಗೋಡೆ, ಛಾವಣಿ ಎಂದು ಹಂತಹಂತವಾಗಿ ಬರುತ್ತದೆ. ಮೇಸ್ತ್ರಿಯು ಆ ಹಂತಗಳಿಗೆ ಕಾಯುವುದಿಲ್ಲ.

ಈ ಕೈಹಣವನ್ನು ಮೂರು ರೂಪಾಯಿ ಬಡ್ಡಿಗೆ ತಂದರೆ ಮಾಡಿದ್ದೆಲ್ಲ ನೀರಿನಲ್ಲಿ ಹೋಮ. ಇದಕ್ಕೆ ಒಂದು ಸರಳವಾದ ಉಪಾಯವಿದೆ. ಮುಂದೆ ಬರಲಿರುವ ಕಂತನ್ನು ಇಂದಿನಿಂದಲೇ ಕಟ್ಟಲು ತೊಡಗಿ, ಬ್ಯಾಂಕಿಗಲ್ಲ, ನಿಮಗೇ. ೧೫ ಲಕ್ಷಕ್ಕೆ ಕಂತು ೧೩,೫೦೦ ಬರುವುದೆನ್ನೋಣ. ಈಗ ಬಾಡಿಗೆ ೫,೦೦೦ ಕೊಡುತ್ತಿದ್ದರೆ ಉಳಿದ ೮,೫೦೦ ರೂಪಾಯಿಯನ್ನು ಪ್ರತಿ ತಿಂಗಳೂ ಒಂದೇ ತಾರೀಖಿಗೆ ಆವರ್ತ ಠೇವಣಿಗೆ ಹಾಕಿ. ಎರಡು ವರ್ಷಕ್ಕೆ ೨ ಲಕ್ಷ ೪ ಸಾವಿರ ಆಗುತ್ತದೆ, ಬಡ್ಡಿ ಬೇರೆ. ಕೈಹಣವೂ ಸಿದ್ಧವಾಯಿತು, ಖಾತೆಯಲ್ಲಿ ಶಿಸ್ತಿನ ಗುರುತೂ ಮೂಡಿತು. ಅದಕ್ಕಿಂತ ಮುಖ್ಯವಾಗಿ, ಅಷ್ಟು ಹಣವಿಲ್ಲದೆ ಸಂಸಾರ ನಡೆಯುತ್ತದೆಯೋ ಇಲ್ಲವೋ ಎಂಬುದು ಸಾಲ ತೆಗೆಯುವ ಮೊದಲೇ ತಿಳಿಯುತ್ತದೆ. ಆರು ತಿಂಗಳಲ್ಲೇ ಉಸಿರು ಕಟ್ಟಿದರೆ ಮನೆಯ ಅಳತೆಯನ್ನು ಕಿರಿದು ಮಾಡಿ, ಅದರಲ್ಲಿ ಅವಮಾನವಿಲ್ಲ.

ಸುಗ್ಗಿಗೊಮ್ಮೆ ಹಣ ಕಾಣುವವರು ಇದನ್ನು ಬೇರೆ ರೀತಿಯಲ್ಲಿ ಮಾಡಬೇಕು. ಬೆಳೆ ವರ್ಷಕ್ಕೊಮ್ಮೆ ಬರುತ್ತದೆ, ಕಂತು ತಿಂಗಳಿಗೊಮ್ಮೆ ಬರುತ್ತದೆ. ನಮ್ಮ ತಾಲ್ಲೂಕಿನ ಕೆರೆಗಳಿಗೆ ತುಂಗಭದ್ರೆಯ ನೀರು ತರುವ ೫೭ ಕೆರೆಗಳ ಯೋಜನೆಗೆ ಜನ ಎಷ್ಟು ವರ್ಷ ಕಾದರೆಂಬುದು ಎಲ್ಲರಿಗೂ ನೆನಪಿದೆ. ಕೆರೆಯೆಂದರೇನು? ಇದ್ದಾಗ ತುಂಬಿಸಿಕೊಂಡು ಇಲ್ಲದಾಗ ಹರಿಸುವ ಏರ್ಪಾಡು. ಮೆಕ್ಕೆಜೋಳ ಮಾರಿದ ದಿನವೇ ಮುಂದಿನ ಹನ್ನೆರಡು ಕಂತುಗಳ ಹಣವನ್ನು ಬೇರೆ ಖಾತೆಯಲ್ಲಿ ತುಂಬಿಸಿಡುವವನಿಗೆ ಬರಗಾಲದ ಭಯ ಅರ್ಧ ಇಳಿಯುತ್ತದೆ. ಸಂಬಳದವರೂ ಆರು ತಿಂಗಳ ಕಂತನ್ನಾದರೂ ಹೀಗೆ ಕಟ್ಟೆ ಹಾಕಿ ಇಟ್ಟಿರಬೇಕು.

ಐದನೆಯದು ಜಾಗದ ಕಾಗದ. ಹಣದ ಲೆಕ್ಕವೆಲ್ಲ ಸರಿಯಿದ್ದು ಇಲ್ಲಿ ಮುಗ್ಗರಿಸುವವರು ಬಹಳ. ಗ್ರಾಮ ಪಂಚಾಯಿತಿಯ ನಿವೇಶನಕ್ಕೆ ಇ-ಸ್ವತ್ತಿನ ನಮೂನೆ ೯ ಮತ್ತು ೧೧ಎ ಬೇಕು. ೧೧ಬಿ ಎಂದಿದ್ದರೆ ಅನೇಕ ಬ್ಯಾಂಕುಗಳು ಹಿಂಜರಿಯುತ್ತವೆ. ಪಟ್ಟಣ ಪಂಚಾಯಿತಿಯ ಎಲ್ಲೆಯಲ್ಲಿ ಇ-ಖಾತೆ ಬೇಕು. ಹೊಲದಲ್ಲಿ ಮನೆ ಕಟ್ಟುವುದಾದರೆ ೧೯೬೪ರ ಭೂಕಂದಾಯ ಕಾಯಿದೆಯ ೯೫ನೆಯ ಪ್ರಕರಣದಂತೆ ಭೂಪರಿವರ್ತನೆಯಾಗಿರಬೇಕು. ಇವೆಲ್ಲಕ್ಕಿಂತ ಸಾಮಾನ್ಯವಾದ ತೊಡಕು, ನಿವೇಶನವು ಇನ್ನೂ ತೀರಿಹೋದ ಅಜ್ಜನ ಹೆಸರಿನಲ್ಲಿಯೇ ಇರುವುದು. ಪೌತಿ ಖಾತೆ ಮಾಡಿಸಿ, ವಿಭಾಗಪತ್ರವನ್ನು ನೋಂದಾಯಿಸಿದ ಹೊರತು ಬ್ಯಾಂಕಿನ ವಕೀಲರು ಒಪ್ಪುವುದಿಲ್ಲ. ಆ ವಿಭಾಗದಲ್ಲಿ ಹೆಣ್ಣುಮಕ್ಕಳನ್ನು ಬಿಟ್ಟು ನಡೆಯುವ ಕಾಲ ಹೋಯಿತು. ಹಿಂದೂ ಕುಟುಂಬದ ಹೆಣ್ಣುಮಕ್ಕಳಿಗೆ ಸಮಪಾಲು ಕೊಡುವ ತಿದ್ದುಪಡಿಯನ್ನು ಕರ್ನಾಟಕವು ೧೯೯೪ರಲ್ಲಿಯೇ ಮಾಡಿತು. ೨೦೦೫ರಲ್ಲಿ ಅದು ಇಡೀ ದೇಶದ ಕಾಯಿದೆಯಾಯಿತು. ೨೦೨೦ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಹಕ್ಕು ಹುಟ್ಟಿನಿಂದಲೇ ಬರುವುದೆಂದು ಸ್ಪಷ್ಟಪಡಿಸಿತು. ಅಕ್ಕತಂಗಿಯರ ಪಾಲನ್ನು ಮಾತನಾಡಿ ಮುಗಿಸುವುದು ಧರ್ಮವೂ ಹೌದು, ಸಾಲ ಬೇಕಾದವನಿಗೆ ಅನಿವಾರ್ಯವೂ ಹೌದು. ಇದಕ್ಕೆ ತಿಂಗಳುಗಳು ಬೇಕು. ಎರಡು ವರ್ಷ ಮೊದಲೇ ಎಂದು ನಾನು ಹೇಳುತ್ತಿರುವುದು ಇದಕ್ಕಾಗಿಯೂ ಸಹ.

ಸರ್ಕಾರದ ನೆರವನ್ನೂ ಇಲ್ಲಿ ನೆನೆಯಬೇಕು. ೨೦೨೪ರ ಸೆಪ್ಟೆಂಬರಿನಿಂದ ಐದು ವರ್ಷದ ಅವಧಿಗೆ ಜಾರಿಗೆ ಬಂದ ಪ್ರಧಾನ ಮಂತ್ರಿ ಆವಾಸ್ ಯೋಜನೆ ನಗರ ೨.೦ರಲ್ಲಿ, ವರ್ಷಕ್ಕೆ ೯ ಲಕ್ಷದವರೆಗೆ ವರಮಾನವಿದ್ದು ದೇಶದಲ್ಲಿ ಎಲ್ಲಿಯೂ ಪಕ್ಕಾ ಮನೆಯಿಲ್ಲದ ಕುಟುಂಬವು ಬಡ್ಡಿಯ ಸಹಾಯಧನ ಕೇಳಬಹುದು. ಮನೆಯ ಬೆಲೆ ೩೫ ಲಕ್ಷಕ್ಕೂ, ಸಾಲ ೨೫ ಲಕ್ಷಕ್ಕೂ ಮೀರಿರಬಾರದು. ಮೊದಲ ೮ ಲಕ್ಷ ಸಾಲದ ಮೇಲೆ ಶೇಕಡ ೪ರ ಲೆಕ್ಕದಲ್ಲಿ, ಒಟ್ಟು ೧ ಲಕ್ಷ ೮೦ ಸಾವಿರದವರೆಗೆ, ಐದು ವಾರ್ಷಿಕ ಕಂತುಗಳಲ್ಲಿ ಅದು ಬರುತ್ತದೆ. ಬಂದರೆ ಒಳ್ಳೆಯದೇ, ಅದನ್ನೇ ನಂಬಿ ಲೆಕ್ಕ ಹಾಕುವುದು ಬೇಡ.

ಕೊನೆಯದಾಗಿ ಒಂದು ಎಚ್ಚರಿಕೆಯ ಮಾತು. ಬ್ಯಾಂಕು ಕೊಡಲು ಒಪ್ಪಿದ್ದಷ್ಟೂ ನಾವು ಹೊರಬಲ್ಲ ಹೊರೆಯೆಂದು ತಿಳಿಯಬಾರದು. ತಾಯಿಯ ಔಷಧಿ, ಮಗಳ ಓದು, ಬಾರದ ಮಳೆ ಇವುಗಳಿಗೆ ಅದರ ಅರ್ಜಿಯಲ್ಲಿ ಜಾಗವಿಲ್ಲ. ಬಡ್ಡಿಯೂ ನಿಂತಲ್ಲಿ ನಿಲ್ಲುವುದಿಲ್ಲ: ೨೦೨೨ರ ಮೇ ತಿಂಗಳಿಂದ ೨೦೨೩ರ ಫೆಬ್ರವರಿಯೊಳಗೆ ರಿಜರ್ವ್ ಬ್ಯಾಂಕಿನ ರೆಪೊ ದರ ಶೇಕಡ ೪ರಿಂದ ೬.೫ಕ್ಕೆ ಏರಿತು, ೨೦೨೫ರಲ್ಲಿ ಮತ್ತೆ ಇಳಿಯಿತು. ಅವಧಿಯನ್ನು ಆರಿಸುವಾಗಲೂ ವಿವೇಕ ಬೇಕು. ೧೫ ಲಕ್ಷಕ್ಕೆ ಶೇಕಡ ೯ರಂತೆ ೨೦ ವರ್ಷ ಕಟ್ಟಿದರೆ ಒಟ್ಟು ಸುಮಾರು ೩೨ ಲಕ್ಷ ೩೯ ಸಾವಿರ. ತಿಂಗಳಿಗೆ ಸುಮಾರು ೧,೭೦೦ ರೂಪಾಯಿ ಹೆಚ್ಚು ಕಟ್ಟಿ ೧೫ ವರ್ಷಕ್ಕೆ ಮುಗಿಸಿದರೆ ೨೭ ಲಕ್ಷ ೩೯ ಸಾವಿರ. ಐದು ಲಕ್ಷ ಉಳಿಯಿತು. ಈಗ ಅಷ್ಟು ಸಾಧ್ಯವಿಲ್ಲದಿದ್ದರೆ ಚಿಂತೆಯಿಲ್ಲ. ಬದಲಾಗುವ ಬಡ್ಡಿಯ ಮನೆಸಾಲವನ್ನು ಮುಂಚಿತವಾಗಿ ತೀರಿಸಿದರೆ ದಂಡ ಹಾಕುವಂತಿಲ್ಲ. ಒಳ್ಳೆಯ ಸುಗ್ಗಿ ಬಂದ ವರ್ಷ ಒಂದಿಷ್ಟು ಅಸಲನ್ನು ಇಳಿಸಿಬಿಡಬಹುದು.

ಸಾಲವೆಲ್ಲ ತೀರಿದ ಮೇಲೆ ಮೂವತ್ತು ದಿನಗಳೊಳಗೆ ಬ್ಯಾಂಕು ಮನೆಯ ಮೂಲಪತ್ರಗಳನ್ನು ಹಿಂದಿರುಗಿಸಬೇಕು. ತನ್ನ ತಪ್ಪಿನಿಂದ ತಡಮಾಡಿದರೆ ದಿನಕ್ಕೆ ೫,೦೦೦ ರೂಪಾಯಿ ತೆರಬೇಕೆಂಬ ನಿಯಮವು ೨೦೨೩ರ ಡಿಸೆಂಬರ್ ೧ರಿಂದ ಜಾರಿಯಲ್ಲಿದೆ. ಹಾಲುಕ್ಕಿಸಿ ಗೃಹಪ್ರವೇಶ ಮಾಡುವುದು ಒಂದು ದಿನ. ಆ ಪತ್ರಗಳು ಮನೆಗೆ ಬಂದು ದೇವರ ಮುಂದೆ ಕೂರುವುದು ಇನ್ನೊಂದು ದಿನ. ನಮ್ಮ ವಾಚಕರಿಗೆ ಎರಡೂ ದಿನಗಳು ಒದಗಲೆಂದು ಹಾರೈಸುತ್ತೇನೆ. ಅದಕ್ಕಾಗಿ ಇಂದು ಸಂಜೆ ಮಾಡಬೇಕಾದ ಕೆಲಸ ಸಣ್ಣದು: ಒಂದು ನೋಟುಪುಸ್ತಕವನ್ನು ತೆರೆದು, ಮನೆಯಾಕೆಯನ್ನೂ ಪಕ್ಕದಲ್ಲಿ ಕೂರಿಸಿಕೊಂಡು, ಬರುವುದೆಷ್ಟು, ಹೋಗುವುದೆಷ್ಟು ಎಂದು ಬರೆಯತೊಡಗುವುದು.